ನಾಬ್ ಮೇಲೊಂದು ಗೀರು

"ಅಜ್ಜೀ, ಕೈ ತೆಗಿ. ನಿನ್ನ ನೆರಳು ಬೀಳ್ತಿದೆ."

"ಒಲೆ ನಂದು, ಅಡುಗೆಮನೆ ನಂದು. ನೆರಳು ಮಾತ್ರ ಪಕ್ಕದ ಮನೆಗೆ ಹೋಗಿ ಬೀಳಬೇಕಾ?" ಎನ್ನುತ್ತಲೇ ಅಜ್ಜಿ ಒಂದು ಹೆಜ್ಜೆ ಹಿಂದೆ ಸರಿದಳು.

ಚೂಟಿ ಎರಡೂ ಮೊಣಕೈಗಳನ್ನು ಅಡುಗೆಕಟ್ಟೆಯ ಮೇಲೆ ಊರಿ ಉಸಿರು ಬಿಗಿಹಿಡಿದಳು. ಅವಳ ಕೈಯಲ್ಲಿ ಅಮ್ಮನ ಮೊಬೈಲು. ಅದರ ಕ್ಯಾಮೆರಾದ ಮೇಲೆ ಡ್ರಾಯಿಂಗ್ ಮಿಸ್ ಕೊಟ್ಟ ಪುಟ್ಟ ಲೆನ್ಸು, ಬಟ್ಟೆ ಒಣಹಾಕುವ ಕ್ಲಿಪ್ಪಿನ ಹಾಗೆ ಕಚ್ಚಿ ಕೂತಿತ್ತು. ಆ ಒಂದೇ ಲೆನ್ಸು ಇಡೀ ಕ್ಲಾಸಿಗೆ. ಒಬ್ಬೊಬ್ಬರಿಗೆ ಒಂದೊಂದು ದಿನ. ಇವತ್ತು ಚೂಟಿಯ ಸರದಿ. ಅಮ್ಮ ಸ್ನಾನ ಮುಗಿಸಿ ಬರುವುದರೊಳಗೆ ಕೆಲಸ ಆಗಬೇಕಿತ್ತು.

ಮಿಸ್ ಹೇಳಿದ್ದು ಇಷ್ಟೆ: ಮನೆಯಲ್ಲಿ ದಿನಾ ಬಳಸಿ ಬಳಸಿ ಸವೆದುಹೋದ ಒಂದು ವಸ್ತುವನ್ನು ತುಂಬಾ ಹತ್ತಿರದಿಂದ ಫೋಟೋ ತೆಗೆಯಬೇಕು. ಎಷ್ಟು ಹತ್ತಿರ ಅಂದರೆ, ನೋಡಿದವರಿಗೆ ಅದೇನೆಂದು ಥಟ್ಟನೆ ಹೊಳೆಯಬಾರದು. ಶನಿವಾರ ಫೋಟೋಗಳನ್ನೆಲ್ಲ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸುತ್ತಾರೆ. ಮನೆಯವರು ಬಂದು ತಮ್ಮ ಮನೆಯದು ಯಾವುದೆಂದು ಕಂಡುಹಿಡಿಯಬೇಕು.

ಚೂಟಿ ಆರಿಸಿಕೊಂಡದ್ದು ಗ್ಯಾಸ್ ಒಲೆಯ ನಾಬ್. ಅದರ ಮೇಲೆ ಮೊದಲು ದೊಡ್ಡ ಉರಿಯದೊಂದು, ಸಣ್ಣ ಉರಿಯದೊಂದು ಚಿತ್ರ ಇದ್ದವಂತೆ. ಬೆರಳು ತಾಗಿ ತಾಗಿ ಎರಡೂ ಅಳಿಸಿಹೋಗಿದ್ದವು. ಬರಿಗಣ್ಣಿಗೆ ಅದೊಂದು ಕರಿ ಬಿರಡೆ. ಲೆನ್ಸಿನಲ್ಲಿ ನೋಡಿದರೆ ಬೇರೆಯೇ ಲೋಕ. ಅಂಚಿನ ಗೆರೆಗಳು ಹೊಲದ ಸಾಲುಗಳಂತೆ ಸುತ್ತಲೂ ಹಬ್ಬಿದ್ದವು. ಸಾಲುಗಳ ನಡುವೆ ಎಣ್ಣೆಯ ಜಿಡ್ಡು ಜೇನಿನ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಹೆಬ್ಬೆರಳು ಕೂರುವ ಜಾಗ ಮಾತ್ರ ನುಣ್ಣಗೆ ಹೊಳೆಯುತ್ತಿತ್ತು.

ಆ ಹೊಳಪಿನ ನಡುವೆ ಒಂದು ಆಳವಾದ ಗೀರು.

"ಅಜ್ಜೀ, ಇಲ್ಲಿ ಯಾರೋ ಕೆರೆದಿದ್ದಾರೆ."

ಅಜ್ಜಿ ಸ್ನಾನದ ಮನೆಯಲ್ಲಿ ನೀರಿನ ಸದ್ದು ಕೇಳಿಸುತ್ತಿದೆಯೇ ಎಂದು ಕಿವಿಗೊಟ್ಟಳು. ಆಮೇಲೆ ದನಿ ತಗ್ಗಿಸಿ, "ಯಾರೋ ಅಲ್ಲ, ನಾನೇ. ಮೊಳೆ ತಗೊಂಡು," ಎಂದಳು.

"ಯಾಕೆ?"

ಅಜ್ಜಿ ಅವಳ ಬೆರಳು ಹಿಡಿದು ಗೀರಿನ ಮೇಲೆ ಇಟ್ಟಳು. "ಇದು ಮೇಲಕ್ಕಿದ್ರೆ ಆಫ್. ಹೀಗೆ ಪಕ್ಕಕ್ಕೆ ಬಂದ್ರೆ ದೊಡ್ಡ ಉರಿ. ಕೆಳಗೆ ಬಂದ್ರೆ ಸಣ್ಣ ಉರಿ. ನೋಡೋ ತಾಪತ್ರಯಾನೇ ಇಲ್ಲ."

ಅಜ್ಜಿಯ ಕಣ್ಣು ಮಂಜಾಗಿದೆ ಎಂದು ಚೂಟಿಗೆ ಗೊತ್ತಿತ್ತು. ಸೂಜಿಗೆ ದಾರ ಪೋಣಿಸಿಕೊಡುವವಳು ಅವಳೇ. ಬರುತ್ತಿರುವ ಬಸ್ಸಿನ ಬೋರ್ಡು ಓದುವವಳು ಅವಳೇ. ಬೀದಿಯಲ್ಲಿ ಇಬ್ಬರೂ ಕೈ ಹಿಡಿದು ನಡೆಯುವಾಗ ಮೆಟ್ಟಿಲು ಬಂದರೆ ಚೂಟಿ ಮೆಲ್ಲಗೆ ಕೈ ಒತ್ತುತ್ತಿದ್ದಳು. ನೋಡುವವರಿಗೆ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಹೋಗುತ್ತಿರುವ ಹಾಗೆ ಕಾಣುತ್ತಿತ್ತು. ಆದರೆ ಒಲೆಯ ಉರಿಯೂ ಕಾಣಿಸುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ.

"ಅಮ್ಮಂಗೆ ಹೇಳೋಣ ಅಜ್ಜಿ."

"ಹೇಳ್ತೀನಿ. ನಾನೇ ಹೇಳ್ತೀನಿ. ಆದ್ರೆ ಇವತ್ತಲ್ಲ. ನಿಮ್ಮಮ್ಮನಿಗೆ ಗೊತ್ತಾದ್ರೆ ನನ್ನನ್ನ ಷೋಕೇಸಲ್ಲಿ ಕೂರಿಸಿ ಗಾಜು ಹಾಕ್ತಾಳೆ. ಆಮೇಲೆ ವಾರಕ್ಕೊಂದ್ಸಲ ನೀನು ಬಂದು ಧೂಳು ಹೊಡೀಬೇಕು." ಅಜ್ಜಿ ತನ್ನ ಮಾತಿಗೆ ತಾನೇ ನಕ್ಕಳು. "ಅಲ್ಲೀವರೆಗೆ ನೀನು ಬಾಯಿ ಬಿಡಬಾರದು. ನಿನಗೆ ಚೂಟಿ ಅಂತ ಹೆಸರಿಟ್ಟಿದ್ದೇ ಆ ಬಾಯಿ ನೋಡಿ."

"ಬಿಡಲ್ಲ," ಎಂದಳು ಚೂಟಿ.

ಶನಿವಾರ ಕ್ಲಾಸಿನ ಬೆಂಚುಗಳನ್ನೆಲ್ಲ ಒಂದು ಬದಿಗೆ ಸರಿಸಿದ್ದರು. ಗೋಡೆಯ ತುಂಬ ಫೋಟೋಗಳು. ಬಾಗಿಲ ಚಿಲಕ ಬೆಟ್ಟದ ಹಾಗೆ ಕಾಣುತ್ತಿತ್ತು. ಹಳೆಯ ಚಪ್ಪಲಿಯ ಅಡಿ, ನೀರು ಬತ್ತಿದ ಕೆರೆಯ ಹಾಗೆ. ಯಾರೋ ಕಚ್ಚಿದ ಪೆನ್ಸಿಲಿನ ತುದಿ, ಇಲಿ ತಿಂದ ಕಂಬದ ಹಾಗೆ. ದೊಡ್ಡವರು ಕನ್ನಡಕ ಏರಿಸಿ ಇಳಿಸಿ ಹುಡುಕುತ್ತಿದ್ದರು.

ಅಮ್ಮನಿಗೆ ಮೆಡಿಕಲ್ ಶಾಪಿನಲ್ಲಿ ಕೆಲಸ. ಅಂಗಡಿಯಿಂದ ಬರುವುದು ತಡವಾಗುತ್ತದೆ ಎಂದಿದ್ದಳು. ಹಾಗಾಗಿ ಚೂಟಿಯ ಜೊತೆ ಅಜ್ಜಿ ಬಂದಿದ್ದಳು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ತಲೆ ನೀಟಾಗಿ ಬಾಚಿಕೊಂಡು. ಬಹಳ ವರ್ಷ ಸಿನಿಮಾ ಟಾಕೀಸಿನ ಕೌಂಟರಿನಲ್ಲಿ ಟಿಕೆಟ್ ಹರಿದುಕೊಟ್ಟವಳು ಅವಳು. ನೂಕುನುಗ್ಗಲು ಕಂಡರೆ ಅವಳಿಗೆ ಉತ್ಸಾಹ ಬರುತ್ತಿತ್ತು.

ಬಾಗಿಲ ಹತ್ತಿರ ಕಡ್ಡಿ ಸಿಕ್ಕಳು. ಚೂಟಿಯ ಬೆಂಚಿನವಳು. ಅವಳು ಇವರಿಬ್ಬರೂ ಹಿಡಿದುಕೊಂಡಿದ್ದ ಕೈಗಳ ಕಡೆ ನೋಡಿ, "ಏನೇ, ಇನ್ನೂ ಅಜ್ಜಿ ಕೈ ಹಿಡ್ಕೊಂಡೇ ಓಡಾಡ್ತೀಯಾ? ಎಲ್‌ಕೆಜಿನಾ?" ಎಂದಳು.

ಚೂಟಿ ಕೈ ಬಿಟ್ಟಳು.

ಅಜ್ಜಿಯ ಬೆರಳುಗಳು ಒಂದು ಸಲ ಗಾಳಿಯಲ್ಲಿ ತಡಕಾಡಿ ತಾವಾಗಿಯೇ ಸ್ವೆಟರಿನ ಜೇಬಿಗೆ ಸೇರಿಕೊಂಡವು.

"ಬನ್ನಿ ಅಜ್ಜಿ," ಎಂದು ಮಿಸ್ ಕರೆದರು. "ನಿಮ್ಮ ಮೊಮ್ಮಗಳು ತೆಗೆದಿರೋದು ಯಾವುದು ಹೇಳಿ ನೋಡೋಣ. ಯಾರೂ ಹೇಳಿಕೊಡಬಾರದು."

"ಅದೇನು ಮಹಾ," ಎಂದಳು ಅಜ್ಜಿ. ಗೋಡೆಯ ಉದ್ದಕ್ಕೂ ನಿಧಾನವಾಗಿ ನಡೆದಳು. ಪ್ರತಿ ಫೋಟೋದ ಮುಂದೆಯೂ ನಿಂತು, "ಆಹಾ, ಚೆನ್ನಾಗಿದೆ," ಎಂದಳು. ಒಂದರ ಮುಂದೆ ಮೂಗು ತಾಗುವಷ್ಟು ಬಗ್ಗಿದಳು. ಇನ್ನೊಂದನ್ನು ಬೆರಳಿನಿಂದ ಸವರಿದಳು. ಹಿಂದೆ ಯಾರೋ ಕಿಸಕ್ಕೆಂದರು. ನಾಬ್ ಇದ್ದ ಫೋಟೋದ ಮುಂದೆಯೂ, "ಆಹಾ, ಚೆನ್ನಾಗಿದೆ," ಎಂದು ಹೇಳಿ ಮುಂದೆ ಹೋಗಿಬಿಟ್ಟಳು.

ಚೂಟಿ ಈಗಲೇ ಹೋಗಿ ಕೈ ಹಿಡಿಯಬಹುದಿತ್ತು. ಒಂದು ಸಲ ಒತ್ತಿದ್ದರೆ ಸಾಕಿತ್ತು. ಆದರೆ ಕಡ್ಡಿ ಪಕ್ಕದಲ್ಲೇ ನಿಂತಿದ್ದಳು.

ಮೂಲೆಯಲ್ಲಿ ಏನೋ ದುಂಡಗೆ ಕಾಣುತ್ತಿದ್ದ ಫೋಟೋದ ಹತ್ತಿರ ಅಜ್ಜಿ ನಿಂತಳು. ಕೈ ಎತ್ತಿ ಅದನ್ನು ತಟ್ಟಿದಳು. "ಇದೇ. ದಿನಾ ಅಡುಗೆಮನೇಲಿ ನನ್ನ ಕೈಯಲ್ಲೇ ಇರುತ್ತಲ್ಲ, ಗೊತ್ತಾಗಲ್ವಾ?"

ಅದೇ ಕ್ಲಾಸಿನ ಗುಂಡ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಅದು ಅವನ ಫೋಟೋ. "ಅಜ್ಜೀ, ಅದು ನಮ್ಮ ಮನೆ ಟಾಯ್ಲೆಟ್ ಬ್ರಷ್ಷು."

ಇಡೀ ಕ್ಲಾಸು ಗೊಳ್ಳೆಂದಿತು. ದೊಡ್ಡವರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. "ಚೂಟಿ ಮನೇಲಿ ಅದ್ರಲ್ಲೇ ಅಡುಗೆ ಮಾಡ್ತಾರಂತೆ ಕಣ್ರೋ," ಎಂದು ಯಾರೋ ಕೂಗಿದರು. ಕಡ್ಡಿ ನಕ್ಕು ನಕ್ಕು ಚೂಟಿಯ ತೋಳಿಗೇ ಒರಗಿದಳು.

ಚೂಟಿಯ ಕಿವಿ ಕಾದ ತವಾದ ಹಾಗೆ ಸುಡುತ್ತಿತ್ತು. ಈ ನಗು ನಿಲ್ಲಬೇಕು, ಹೇಗಾದರೂ ನಿಲ್ಲಬೇಕು ಅನ್ನಿಸಿತು.

"ಅಜ್ಜಿಗೆ ಕಣ್ಣು ಕಾಣಿಸಲ್ಲ, ಅದಕ್ಕೇ," ಎಂದುಬಿಟ್ಟಳು. ದನಿ ಅವಳಿಗೇ ಜೋರಾಗಿ ಕೇಳಿಸಿತು. "ಒಲೆ ಉರಿ ಕೂಡ ಕಾಣಿಸಲ್ಲ. ನಾಬ್ ಮೇಲೆ ಗೀರು ಹಾಕ್ಕೊಂಡು, ಅದನ್ನ ಮುಟ್ಟಿ ನೋಡಿ ಅಡುಗೆ ಮಾಡ್ತಾಳೆ. ಬೇಕಾದ್ರೆ ಅಲ್ಲಿ ನೋಡಿ, ಆ ಫೋಟೋದಲ್ಲಿ ಗೀರಿದೆ."

ನಗು ನಿಂತಿತು. ಎಲ್ಲರೂ ನಾಬಿನ ಫೋಟೋದ ಕಡೆ ತಿರುಗಿದರು. "ಅಯ್ಯೋ ಪಾಪ," ಎಂದರು ಯಾರೋ. ಚೂಟಿಗೆ ಒಂದು ಉಸಿರಿನಷ್ಟು ಹೊತ್ತು ಹಗುರಾಯಿತು. ಈಗ ಯಾರೂ ಅವಳನ್ನು ನೋಡಿ ನಗುತ್ತಿರಲಿಲ್ಲ.

ಆಗ ಬಾಗಿಲ ಕಡೆ ಅವಳ ಕಣ್ಣು ಹೋಯಿತು. ಅಮ್ಮ ನಿಂತಿದ್ದಳು, ಹೆಲ್ಮೆಟ್ ಕೈಯಲ್ಲೇ ಇತ್ತು.

ಅಜ್ಜಿ ಕನ್ನಡಕ ಸರಿಮಾಡಿಕೊಂಡಳು. ನಗು ಬಂದ ದಿಕ್ಕಿಗೆ ತಿರುಗಿ, "ನಿಮ್ಮ ಮನೆ ಬ್ರಷ್ಷು ಚೆನ್ನಾಗಿದೆ ಮರಿ. ಫೋಟೋನೂ ಚೆನ್ನಾಗಿ ತೆಗೆದಿದ್ದೀಯ," ಎಂದಳು ಗುಂಡನಿಗೆ. ಗುಂಡ ತಲೆ ಬಗ್ಗಿಸಿದ. ಅಜ್ಜಿ ಬೆಂಚುಗಳ ಅಂಚನ್ನು ಒಂದೊಂದಾಗಿ ಮುಟ್ಟುತ್ತಾ ಬಾಗಿಲಿಗೆ ನಡೆದಳು. ಚೂಟಿ ಓಡಿಹೋಗಿ ಕೈ ಚಾಚಿದಳು. ಅಜ್ಜಿ ಅದನ್ನು ಹಿಡಿಯಲಿಲ್ಲ. ಕಾಣಿಸಲಿಲ್ಲವೋ, ಬೇಡವಾಯಿತೋ, ತಿಳಿಯಲಿಲ್ಲ.

ಮನೆಯಲ್ಲಿ ಅಮ್ಮ ಹೆಲ್ಮೆಟ್ ಇಟ್ಟವಳೇ ಅಡುಗೆಮನೆಗೆ ಹೋದಳು. ಒಲೆಯ ಎರಡೂ ನಾಬ್‌ಗಳನ್ನು ಎಳೆದು ಕಿತ್ತಳು. ತನ್ನ ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

"ನಾನು ಮನೇಲಿಲ್ಲದಾಗ ಒಲೆ ಹತ್ತಿಸಬಾರದು, ಅದಕ್ಕೇ. ಬೆಳಿಗ್ಗೆ ಬ್ರೆಡ್ ತರೋಕೆ ಒಬ್ಬಳೇ ಹೋಗೋದೂ ಸಾಕು. ನಾಳೆ ಕಣ್ಣಿನ ಡಾಕ್ಟ್ರು."

"ಇಷ್ಟು ದಿನ ಏನಾದ್ರೂ ಸುಟ್ಟಿದೀನಾ?" ಎಂದಳು ಅಜ್ಜಿ.

"ಸುಟ್ಟ ಮೇಲೆ ಹೇಳ್ತಿದ್ಯಾ ಅಮ್ಮಾ?" ಅಮ್ಮನ ದನಿ ಒಡೆಯಿತು. "ದಿನಾ ಊರವರಿಗೆಲ್ಲ ಕಣ್ಣಿಗೆ ಬಿಡೋ ಡ್ರಾಪ್ಸ್ ಕೊಡ್ತೀನಿ ನಾನು. ಒಂದೇ ಮನೇಲಿದ್ದು ನಿನ್ನ ಕಣ್ಣು ನೋಡ್ಲಿಲ್ಲ. ಬೇರೆಯವರ ಮುಂದೆ ನಿಂತು ಕೇಳಿಸ್ಕೋಬೇಕಾಯ್ತು." ಅವಳು ಮುಖ ತೊಳೆಯಲು ಹೋದಳು. ನಲ್ಲಿ ಬಹಳ ಹೊತ್ತು ಸುರಿಯುತ್ತಲೇ ಇತ್ತು.

ಚೂಟಿ ಅಡುಗೆಮನೆಗೆ ಹೋಗಿ ನೋಡಿದಳು. ನಾಬ್ ಇದ್ದ ಜಾಗದಲ್ಲಿ ಎರಡು ಗಿಡ್ಡ ಕಬ್ಬಿಣದ ಕಡ್ಡಿಗಳು ಹೊರಗೆ ಚಾಚಿದ್ದವು. ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು ಒಲೆ.

ಅಜ್ಜಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಈ ಹೊತ್ತಿಗೆ ಅವಳು ಎಂದೂ ಕೂರುತ್ತಿರಲಿಲ್ಲ. ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು.

"ಅಜ್ಜೀ, ಸಾರಿ."

"ಹೂಂ."

"ಎಲ್ಲರೂ ನಗ್ತಿದ್ರು."

"ನನ್ನನ್ನ ನೋಡಿ ನಗ್ತಿದ್ರು. ಟಾಕೀಸಲ್ಲಿ ಎಷ್ಟು ಜನರ ನಗು, ಶಿಳ್ಳೆ, ಬೈಗುಳ ಕೇಳಿದೀನಿ. ಅದೆಲ್ಲ ನನಗೆ ತಟ್ಟಲ್ಲ."

"ನನಗೆ ನಾಚಿಕೆ ಆಯ್ತು."

"ಯಾರ ಬಗ್ಗೆ?"

ಚೂಟಿಯ ನಾಲಿಗೆಯ ತುದಿಯಲ್ಲಿ ಒಂದು ಒಳ್ಳೆಯ ಉತ್ತರ ಬಂದು ಕೂತಿತ್ತು. ಗುಂಡನ ಬಗ್ಗೆ ಎನ್ನಬಹುದಿತ್ತು. ನಕ್ಕವರ ಬಗ್ಗೆ ಎನ್ನಬಹುದಿತ್ತು. ಅವಳು ಅದನ್ನು ನುಂಗಿಕೊಂಡಳು.

"ನಿನ್ನ ಬಗ್ಗೆ," ಎಂದಳು.

ಅಜ್ಜಿ ನಿಧಾನವಾಗಿ ತಲೆ ಆಡಿಸಿದಳು. ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು.

"ನಿಮ್ಮಮ್ಮನಿಗೆ ಹೇಗೆ ಹೇಳ್ಬೇಕು ಅಂತ ಮಾತು ಜೋಡಿಸಿಟ್ಕೊಂಡಿದ್ದೆ," ಎಂದಳು. "ಅವಳಿಗೆ ಗಾಬರಿ ಆಗ್ಬಾರದು. ತಾನು ನೋಡ್ಕೊಳ್ಳಲಿಲ್ಲ ಅಂತ ಅವಳು ಕೊರಗಬಾರದು. ಮೊದಲು ಒಂದು ತಮಾಷೆ, ಆಮೇಲೆ ವಿಷಯ, ಆಮೇಲೆ ಇನ್ನೊಂದು ತಮಾಷೆ. ಎಲ್ಲ ರೆಡಿ ಇತ್ತು. ಈಗ ಅದನ್ನ ಯಾರಿಗೆ ಹೇಳ್ಲಿ?"

ಬಾತ್‌ರೂಮಿನ ನಲ್ಲಿ ನಿಂತಿತು. ಅಮ್ಮ ಹೊರಗೆ ಬಂದಳು, ಕಣ್ಣು ಕೆಂಪಾಗಿತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಟ್ಯಾಕ್ಸಿ ಹಿಡಿಯಲು ಅಮ್ಮ ಮುಂದೆ ಹೋದಳು. "ಅಜ್ಜಿನ ನಿಧಾನವಾಗಿ ಕರ್ಕೊಂಡು ಬಾ," ಎಂದಿದ್ದಳು. ಅಜ್ಜಿ ಬಲಗೈಯನ್ನು ಕಾಂಪೌಂಡ್ ಗೋಡೆಯ ಮೇಲೆ ಎಳೆಯುತ್ತಾ ನಡೆದಳು. ಚೂಟಿ ಎಡಗಡೆ, ಒಂದು ಹೆಜ್ಜೆ ಹಿಂದೆ.

ಎದುರಿನಿಂದ ಕಡ್ಡಿ ಸೈಕಲ್ ತಳ್ಳಿಕೊಂಡು ಬಂದಳು. ಹ್ಯಾಂಡಲಿನಲ್ಲಿ ಬ್ರೆಡ್ಡಿನ ಪೊಟ್ಟಣ ನೇತಾಡುತ್ತಿತ್ತು. ಅವಳು ಅಜ್ಜಿಯ ಕಡೆ ಕಳ್ಳನೋಟ ಬೀರಿ ಚೂಟಿಯ ಕಿವಿಯ ಹತ್ತಿರ ಬಂದಳು.

"ಲೇ, ನಿಜವಾಗ್ಲೂ ಏನೂ ಕಾಣಿಸಲ್ವಾ? ಎಲ್ಲಿಗೆ ಹೋಗ್ತಿದೀರ? ಆಪರೇಷನ್ನಾ?"

ಅಮ್ಮ ರಾತ್ರಿ ಫೋನಿನಲ್ಲಿ ಮಾತಾಡಿದ್ದನ್ನೆಲ್ಲ ಚೂಟಿ ಕೇಳಿಸಿಕೊಂಡಿದ್ದಳು. ಎಲ್ಲ ಗೊತ್ತಿತ್ತು. ಹೇಳಲು ಬಾಯಿ ಅರ್ಧ ತೆರೆದೂ ಆಗಿತ್ತು.

ಅವಳು ಬಾಯಿ ಮುಚ್ಚಿದಳು. ಅಜ್ಜಿಯ ಕಡೆ ನೋಡಿದಳು.

"ನನ್ನ ಕೇಳ್ಬೇಡ," ಎಂದಳು ಕಡ್ಡಿಗೆ. "ಅಜ್ಜಿನೇ ಇದಾಳಲ್ಲ."

ಕಡ್ಡಿ ತಬ್ಬಿಬ್ಬಾದಳು. ಪಿಸುಮಾತು ಅಜ್ಜಿಗೆ ಕೇಳಿಸಿತ್ತು. ಅವಳ ಕಿವಿ ಬಹಳ ಚುರುಕು.

"ಸ್ವಲ್ಪ ಸ್ವಲ್ಪ ಕಾಣಿಸುತ್ತೆ ಕಣಮ್ಮ," ಎಂದಳು ಅಜ್ಜಿ. "ದುಂಡಗಿರೋದೆಲ್ಲ ಒಂದೇ ಥರ ಕಾಣಿಸುತ್ತೆ. ನಿನ್ನೆ ಅದಕ್ಕೇ ಮೋಸ ಹೋಗಿದ್ದು. ಡಾಕ್ಟ್ರಿಗೂ ಅದನ್ನೇ ಹೇಳ್ಬೇಕು, ಆದ್ರೆ ಬ್ರಷ್ಷಿನ ವಿಷಯ ಬಿಟ್ಟು."

ಕಡ್ಡಿ ನಕ್ಕಳು. ನಿನ್ನೆಯ ನಗುವಿನಂತಿರಲಿಲ್ಲ. "ಹೋಗ್ಬನ್ನಿ ಅಜ್ಜಿ," ಎಂದು ಸೈಕಲ್ ತಳ್ಳಿಕೊಂಡು ಹೊರಟಳು.

ಕಾಂಪೌಂಡ್ ಗೋಡೆ ಅಲ್ಲಿಗೆ ಮುಗಿದಿತ್ತು. ಮುಂದೆ ರಸ್ತೆ, ಆಚೆ ಬದಿಯಲ್ಲಿ ಟ್ಯಾಕ್ಸಿ, ಬಾಗಿಲು ತೆರೆದು ನಿಂತ ಅಮ್ಮ. ಅಜ್ಜಿಯ ಕೈ ಗೋಡೆಯ ಕೊನೆಯ ಕಲ್ಲಿನ ಮೇಲೆ ನಿಂತಿತು.

ಚೂಟಿ ಆ ಕೈಯನ್ನು ಹಿಡಿದೆಳೆಯಲಿಲ್ಲ. ಸ್ವಲ್ಪ ಹತ್ತಿರ ಸರಿದು ನಿಂತಳು, ಅಷ್ಟೆ. "ಒಂದು ಮೆಟ್ಟಿಲು ಇಳೀಬೇಕು ಅಜ್ಜಿ," ಎಂದಳು, ಬೀದಿಯವರಿಗೆಲ್ಲ ಕೇಳುವಂತೆ.

ವಾಹನಗಳು ಹೋಗುತ್ತಿದ್ದವು. ಚೂಟಿ ಕಾದಳು. ಅಜ್ಜಿಯ ಕೈ ಕಲ್ಲನ್ನು ಬಿಟ್ಟು ಗಾಳಿಯಲ್ಲಿ ನಿಧಾನವಾಗಿ ಬಂದು, ಅವಳ ತಲೆಯನ್ನು ದಾಟಿ, ಭುಜವನ್ನು ಹುಡುಕಿ, ಅದರ ಮೇಲೆ ಕೂತಿತು. ಅದು ಇಷ್ಟು ಭಾರ ಇರುತ್ತದೆ ಎಂದು ಚೂಟಿಗೆ ಗೊತ್ತಿರಲಿಲ್ಲ.