ಪೆಡಲ್ ಒತ್ತಿದ ಕಾಲು

೧೯೪೬ರ ಬೇಸಿಗೆ. ಹೊಸಕೋಟೆಯಲ್ಲಿ ಜಟಕಾ ಕುದುರೆಗಳ ಜೀನು ಹೊಲಿಯುತ್ತಿದ್ದ ನನ್ನನ್ನು ಅನ್ವರ್ ಬೇಗಂ ಮನೆಗೆ ಕರೆಸಿದರು. ಅವರ ಯಜಮಾನರು ಮಿಲಿಟರಿ ಕ್ಯಾಂಪಿನ ಹರಾಜಿನಲ್ಲಿ ತಂದಿದ್ದ ಪಿಯಾನೋದ ಪೆಡಲ್ ಸವೆದು ಅಲ್ಲಾಡುತ್ತಿತ್ತು.

"ಹೊಸದು ಮದ್ರಾಸಿಂದ ತರಿಸ್ಬೇಕಂತೆ, ಹೈದರ್ ಭಾಯ್."

"ಯಾಕ್ ಆಪಾ? ಹಳೇ ಚರ್ಮದ ಚೂರು ಸುತ್ತಿದ್ರೆ ಸಾಕು" ಎಂದು ನಾನು ಕೆಳಗಿನ ಹಲಗೆ ತೆಗೆದು ನೆಲದ ಮೇಲೆ ಮಲಗಿದೆ.

ಚರ್ಮ ಸುತ್ತುವಾಗ ಒಳಗಿನ ಸ್ಪ್ರಿಂಗು ಜಾರಿ, ಸೂಜಿ ಹಿಡಿಯುವ ಬೆರಳು ಸಿಕ್ಕಿಕೊಂಡಿತು. ಅದು ಹೋದರೆ ನನ್ನ ಕಸುಬೇ ಹೋದಂತೆ.

"ಪೆಡಲ್ ಒತ್ರೀ ಆಪಾ, ಸ್ಪ್ರಿಂಗು ಸಡಿಲಾಗ್ಲಿ!" ಎಂದು ಕೂಗಿದೆ.

ತಕ್ಷಣ ಒಂದು ಕರಿ ಬೂಟು ಪೆಡಲನ್ನು ಅದುಮಿತು. ಆ ಸುಡುಬಿಸಿಲಿನ ಮಧ್ಯಾಹ್ನದಲ್ಲೂ ನನ್ನ ಕೆನ್ನೆಗೆ ಬಾವಿಯೊಳಗಿನ ತಂಪು ತಾಗಿತು. ಬೆರಳು ಬಿಡಿಸಿಕೊಂಡು ಕೆಲಸ ಮುಗಿಸುವವರೆಗೂ ಆ ಕಾಲು ಒಂದಿಷ್ಟೂ ಅದುರಲಿಲ್ಲ.

"ದೊಡ್ಡ ಉಪಕಾರ ಆಯ್ತು ಸಾಹೇಬ್ರೇ" ಎಂದು ಎದ್ದು ನೋಡಿದರೆ ಯಾರೂ ಇಲ್ಲ.

ಬೇಗಂ ಹಿತ್ತಲಿಂದ ಓಡಿ ಬಂದರು. "ಕೂಗಿದ್ರಾ? ಸಾಹೇಬ್ರನ್ನಾ? ಅವ್ರು ಬೆಳಿಗ್ಗೇನೇ ಬೆಂಗ್ಳೂರಿಗೆ ಹೋದ್ರು. ಮನೇಲಿ ನಾನೊಬ್ಳೇ."

ನನಗೆ ಭಯವಾಗುವ ಮೊದಲೇ ಕೈ ತಾನಾಗಿ ಸಲಾಮಿಗೆ ಎದ್ದಿತು. ಪೆಡಲ್ ಮುಂದೆ ಕೆಂಪು ನೆಲದ ಮೇಲೆ ಮಿಲಿಟರಿ ಬೂಟಿನ ಎರಡು ಒದ್ದೆ ಗುರುತುಗಳಿದ್ದವು. ಬಂದ ಹೆಜ್ಜೆಯೂ ಇರಲಿಲ್ಲ, ಹೋದ ಹೆಜ್ಜೆಯೂ ಇರಲಿಲ್ಲ.