ಹಿತ್ತಲಲ್ಲೊಂದು ಹಸಿರು ಇಳಿಜಾರು

ಹಿತ್ತಲಿನ ಬಾಗಿಲು ತೆಗೆದವಳೇ ಅವಳು ಕಿಟಾರನೆ ಕಿರುಚಿಕೊಂಡಳು!

ಬರಿನೆಲದ ಮೇಲೆ ಗಂಡಸೊಬ್ಬ ಬೋರಲು ಬಿದ್ದಿದ್ದ. ಕೆನ್ನೆ ಮಣ್ಣಿಗೆ ಅಂಟಿತ್ತು. ಒಂದು ಕಣ್ಣು ಮುಚ್ಚಿತ್ತು. ಮಿಸುಕಾಟವೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದವಳಿಗೆ ಹೆದರಿ ನಿಂತು ಅಭ್ಯಾಸವಿಲ್ಲ. ಕೈಲಿದ್ದ ಬ್ಯಾಗ್ ಎಸೆದು ಓಡಿದಳು. ಮಂಡಿಯೂರಿ ಕೂತು ಅವನ ಮಣಿಕಟ್ಟು ಹಿಡಿದು ನಾಡಿ ನೋಡಿದಳು. ನಾಡಿಯೇನೋ ಚೆನ್ನಾಗಿಯೇ ಇತ್ತು... ಎಣಿಸುತ್ತಾ ಹೋದಂತೆ ಇನ್ನಷ್ಟು ಜೋರಾಯಿತು!

"ಬದುಕಿದೀನಿ ಮೇಡಂ," ಎಂದ ಅವನು ಮಲಗಿದಲ್ಲಿಂದಲೇ. "ನೆಲ ಎತ್ತ ವಾಲಿದೆ ಅಂತ ನೋಡ್ತಿದ್ದೆ. ಮಲಗಿ ನೋಡಿದ್ರೇನೇ ಸರಿಯಾಗಿ ಗೊತ್ತಾಗೋದು."

"ಅದಕ್ಕೆ ಹೀಗೆ ಹೆಣದ ಥರ ಬಿದ್ಕೊಳ್ತಾರಾ?!"

"ಸತ್ತೋರು ಎರಡೂ ಕಣ್ಣು ಮುಚ್ಚಿರ್ತಾರೆ. ನಾನು ಒಂದೇ ಮುಚ್ಚಿದ್ದೆ."

ಅವನು ಎದ್ದು ಕೂತ. ಅರ್ಧ ಮುಖಕ್ಕೆ ಮಣ್ಣು ಮೆತ್ತಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೇ ತಾನಿನ್ನೂ ಅವನ ಕೈ ಹಿಡಿದೇ ಇದ್ದೇನೆಂದು ಅರಿವಾಗಿ ಥಟ್ಟನೆ ಬಿಟ್ಟಳು.

ಅವನು ಕೃತಕ ಹುಲ್ಲು ಹಾಸುವವನು. ಅವಳೇ ಫೋನ್ ಮಾಡಿ ಕರೆಸಿದ್ದಳು.

ಅವಳ ಅಪ್ಪ ಮೂವತ್ತು ವರ್ಷ ಗಾಲ್ಫ್ ಕಲಿಸಿದ ಕೋಚ್. ಆರು ತಿಂಗಳ ಹಿಂದೆ ಲಕ್ವ ಹೊಡೆದು ಎಡಗಾಲಿನ ಬಲ ಹೋಗಿತ್ತು. ಮಗಳು ಎಷ್ಟು ಗೋಗರೆದರೂ ಆ ಕಾಲಿನ ಮೇಲೆ ಭಾರ ಹಾಕುತ್ತಿರಲಿಲ್ಲ. ಇಡೀ ದಿನ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಖಾಲಿ ಹಿತ್ತಲನ್ನು ನೋಡುತ್ತಿದ್ದರು. ಆ ಹಿತ್ತಲಲ್ಲೇ ಗಾಲ್ಫ್ ಆಡುವ ಪುಟ್ಟದೊಂದು ಹುಲ್ಲುಹಾಸು, ಅಂದರೆ ಗ್ರೀನ್, ಮಾಡಿಸಿದರೆ ಹೇಗೆ, ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಹಾಕಲು ಅಷ್ಟು ಜಾಗ ಸಾಕಲ್ಲ ಎಂಬ ಆಸೆ ಅವಳದು.

"ಒಂದೇ ಒಂದು ಷರತ್ತು," ಎಂದಳು. "ನೆಲ ಮೇಜಿನ ಥರ ಸಮ ಇರ್ಬೇಕು. ಅಪ್ಪ ಒಂದ್ಸಲ ಬಿದ್ರೆ ಮತ್ತೆ ಕುರ್ಚಿ ಬಿಟ್ಟು ಏಳಲ್ಲ."

ಅವನು ಕಿಟಕಿಯತ್ತ ನೋಡಿದ. "ಅವರು ಬೀಳದ ಹಾಗೆ ಮಾಡ್ತೀನಿ," ಎಂದ.

ಮರುದಿನದಿಂದ ಸಂಜೆ ಆರಕ್ಕೆ ಮನೆ ತಲುಪುವುದು ಅವಳಿಗೆ ಬೇರೆಯೇ ಸಂಗತಿಯಾಯಿತು.

ಅಗೆದ ಮಣ್ಣಿನ ವಾಸನೆ. ಜಲ್ಲಿ ದಮ್ಮಸು ಮಾಡುವ ಯಂತ್ರದ ಗಡಗಡ. ಅದರ ನಡುವೆ ಅಪ್ಪನ ದನಿ! ಅವನಿಗೆ ಅವರಿಟ್ಟ ಹೆಸರು 'ಹುಲ್ಲಪ್ಪ'. ಕಿಟಕಿಯಿಂದಲೇ ಬೈಯುವರು, ಕಿಟಕಿಯಿಂದಲೇ ನಗುವರು. ಒಂದು ಸಂಜೆ ಅವನು ಅಪ್ಪನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಅವರ ಅಂಗೈ ಎಷ್ಟು ಎತ್ತರಕ್ಕೆ ಬರುತ್ತದೆಂದು ಟೇಪು ಹಿಡಿದು ಅಳೆಯುತ್ತಿದ್ದ. ಗ್ರೀನಿನ ಪಕ್ಕ ಹಿಡಿದು ನಿಲ್ಲಲು ಕಂಬಿ ಹಾಕುವುದಕ್ಕಂತೆ. ಅದನ್ನು ಯಾರೂ ಅವನಿಗೆ ಹೇಳಿರಲಿಲ್ಲ.

'ನನಗೇ ಹೊಳೆಯಲಿಲ್ಲವಲ್ಲ...' ಅಂದುಕೊಂಡಳು ಅವಳು.

ರಜೆಯ ದಿನ ಹುಲ್ಲಿನ ಸುರುಳಿ ಬಂತು. ಬಿಚ್ಚಿ ಬಿಸಿಲಿಗೆ ಹರಡಿದವನು ಸುಮ್ಮನೆ ಕೂತುಬಿಟ್ಟ.

"ಕೆಲಸ ಇಲ್ವಾ?" ಎಂದಳು ಅವಳು.

"ಇದೇ ಕೆಲಸ. ಸುತ್ತಿ ಸುತ್ತಿ ಮುದುಡಿರುತ್ತೆ. ಬಿಸಿಲಲ್ಲಿ ಬಿಟ್ರೆ ತಾನಾಗೇ ಸಡಿಲ ಆಗುತ್ತೆ. ಅವಸರ ಮಾಡಿದ್ರೆ ಸುಕ್ಕು."

ಅವಳು ಇನ್ನೊಂದು ತುದಿಯಲ್ಲಿ ಕೂತಳು. ನಡುವೆ ಹಸಿರು, ಮೇಲೆ ಹಗುರ ಬಿಸಿಲು. ತಿಂಗಳುಗಳಿಂದ ಮಾತ್ರೆ, ವ್ಯಾಯಾಮ, ಡ್ಯೂಟಿ ಎಂದು ಓಡುತ್ತಿದ್ದ ಅವಳ ಕಣ್ಣು ಅಲ್ಲೇ ಮುಚ್ಚಿತು. ಎಚ್ಚರವಾದಾಗ ಮುಖದ ಮೇಲೆ ನೆರಳಿತ್ತು. ಬಿಸಿಲು ಬೀಳದಂತೆ ಅವನು ಜಲ್ಲಿಯ ಖಾಲಿ ಚೀಲವೊಂದನ್ನು ಎತ್ತಿ ಹಿಡಿದು ನಿಂತಿದ್ದ.

"ಎಷ್ಟು ಹೊತ್ತಿಂದ ಹೀಗೆ ನಿಂತಿದೀರಿ?"

"ಗಡಿಯಾರ ನೋಡಿಲ್ಲ," ಎಂದವನು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದ.

ಅವತ್ತೇ ಅವಳ ಮನಸ್ಸು ಜಾರಿತು. ಯಾಕೆ ಸುಳ್ಳು ಹೇಳಬೇಕು, ಪೂರ್ತಿಯಾಗಿ ಜಾರಿತು!

ಐದನೆಯ ಸಂಜೆ ಗ್ರೀನ್ ಸಿದ್ಧವಾಯಿತು. ಹುಲ್ಲಿನ ಎಳೆಗಳ ನಡುವೆ ಮರಳು ತುಂಬಿ ಅವನು ಪೊರಕೆಯಿಂದ ತಿಕ್ಕುತ್ತಿದ್ದ. ಅಪ್ಪ ಒಳಗೆ ಮಲಗಿದ್ದರು. ಅವರು ಏಳುವ ಮೊದಲೊಮ್ಮೆ ನೋಡೋಣವೆಂದು ಅವಳು ಚೆಂಡೊಂದನ್ನು ಕುಳಿಯ ಕಡೆಗೆ ಉರುಳಿಸಿದಳು.

ಚೆಂಡು ನೆಟ್ಟಗೆ ಹೋಗಲಿಲ್ಲ. ಬಾಗಿತು, ಜಾರಿತು, ಕುಳಿಯನ್ನು ದಾಟಿ ಕೆಳಗಿನ ಅಂಚಿಗೆ ಹೋಗಿ ನಿಂತಿತು.

ಇನ್ನೊಂದು ಉರುಳಿಸಿದಳು. ಅದೂ ಹಾಗೇ!

"ಇದು ಇಳಿಜಾರಾಗಿದೆ."

"ಹೌದು," ಎಂದ ತಲೆ ತಗ್ಗಿಸಿ.

"ಅಳತೆ ತಪ್ಪಿತಾ?"

"ಇಲ್ಲ. ಬೇಕಂತಲೇ ಮಾಡಿದ್ದು."

"ಮೇಜಿನ ಥರ ಸಮ ಅಂತ ಹೇಳಿದ್ನಲ್ಲ ನಾನು! ಸರಿ ಮಾಡಿ."

"ಮಾಡಲ್ಲ ಮೇಡಂ."

"ಯಾಕೆ? ಕಾರಣ ಆದ್ರೂ ಹೇಳಿ!"

ಅವನು ಬಾಯಿ ತೆರೆದ. ಒಮ್ಮೆ ಕಿಟಕಿ ನೋಡಿದ. ಮತ್ತೆ ಬಗ್ಗಿ ಮರಳು ತಿಕ್ಕತೊಡಗಿದ.

"ನಮ್ಮಪ್ಪನ ಕಾಲು ನಿಮಗೆ ಆಟದ ಸಾಮಾನಾ? ನಿಮ್ಮನ್ನ ನಂಬಿದೆನಲ್ಲ, ನನಗೆ ಬುದ್ಧಿ ಇಲ್ಲ. ಹೋಗಿ... ಇನ್ನು ಈ ಕಡೆ ಬರಬೇಡಿ!"

ಪೊರಕೆಯನ್ನು ಗೋಡೆಗೆ ಒರಗಿಸಿ ಅವನು ಹೊರಟುಹೋದ.

ಮೂರು ದಿನ ಅವಳು ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ. ಸಿಟ್ಟು ಒಂದು ಕಡೆ, ಕಿವಿಯೆಲ್ಲ ಗೇಟಿನ ಸದ್ದಿನ ಕಡೆ. 'ಅಷ್ಟು ಅಂದರೂ ಒಂದು ಮಾತು ಎದುರಾಡಲಿಲ್ಲವಲ್ಲ, ಯಾಕೆ...'

ನಾಲ್ಕನೆಯ ದಿನ ಬೇಗ ಮನೆಗೆ ಬಂದಳು. ಕಿಟಕಿಯ ಪಕ್ಕದ ಕುರ್ಚಿ ಖಾಲಿ!

"ಅಪ್ಪಾ!"

ಹಿತ್ತಲಿಗೆ ಓಡಿದವಳು ಬಾಗಿಲಲ್ಲೇ ನಿಂತಳು.

ಅಪ್ಪ ಗ್ರೀನಿನ ಮೇಲಿದ್ದರು. ಊರುಗೋಲು ಕಂಬಿಗೆ ನೇತಾಡುತ್ತಿತ್ತು. ಅವರು ಎರಡು ಕೈಯಲ್ಲೂ ಗಾಲ್ಫ್ ಕೋಲು ಹಿಡಿದು, ಇಳಿಜಾರನ್ನು ಕಣ್ಣಲ್ಲೇ ಅಳೆಯುತ್ತಾ ಕುಳಿಯತ್ತ ಪಕ್ಕಕ್ಕೆ ತಿರುಗಿ ನಿಂತಿದ್ದರು. ತಗ್ಗಿನ ಕಡೆಗಿದ್ದದ್ದು ಎಡಗಾಲು. ಮೈಭಾರವೆಲ್ಲ ಅದರ ಮೇಲೆಯೇ ಇತ್ತು.

ಆರು ತಿಂಗಳಿಂದ ಅವಳು ಬೇಡಿಕೊಂಡದ್ದು ಇದನ್ನೇ...

ಚೆಂಡು ಬಾಗುತ್ತಾ ಹೋಗಿ ಕುಳಿಯೊಳಗೆ ಟಣಕ್ಕೆಂದು ಬಿತ್ತು.

"ನೋಡಿದ್ಯಾ ಚಿನ್ನಿ! ನಾಲ್ಕು ದಿನದಿಂದ ತಪ್ಪಿಸ್ಕೊಳ್ತಿತ್ತು ಕಳ್ಳ ಚೆಂಡು!"

"ಅಪ್ಪ, ಈ ಇಳಿಜಾರು..."

"ನಾನೇ ಹೇಳಿದ್ದು ಅವನಿಗೆ. ಸಮ ನೆಲದಲ್ಲಿ ಚೆಂಡು ತಳ್ಳೋಕೆ ನಾನೇನು ಮಗುನಾ? ಎಲ್ಲರೂ ನನ್ನನ್ನ ರೋಗಿ ಥರ ನೋಡ್ತೀರಿ. ಹುಲ್ಲಪ್ಪ ಒಬ್ಬ ಆಟಗಾರ ಅಂತ ನೋಡಿದ. ಮೊದಲು ಕಂಬಿ ಹಾಕ್ತೀನಿ, ಆಮೇಲೆ ಇಳಿಜಾರು ಅಂದ. ನಿನಗೆ ಹೇಳಲೇಬೇಕು ಅಂತ ಹಟ ಹಿಡಿದ. ನಾನಾಗೇ ನಿಂತು ತೋರಿಸೋವರೆಗೂ ಬಾಯಿ ಬಿಡಬೇಡ ಅಂತ ಮಾತು ತಗೊಂಡೆ." ಅಪ್ಪ ಅವಳ ಮುಖ ನೋಡಿದರು. "ಯಾಕೆ ಕಣ್ಣಲ್ಲಿ ನೀರು? ಅವನಿಗೇನಾದ್ರೂ ಅಂದ್ಯಾ?"

"ಹೋಗು ಅಂದೆ ಅಪ್ಪ..."

"ನಿಂತ್ಕೊಂಡು ನನಗೆ ಹೇಳಿದ್ರೆ ಏನು ಬಂತು? ಓಡು!"

ಅವನ ಗೋದಾಮಿನ ತುಂಬ ಹಸಿರು ಸುರುಳಿಗಳು ಸೂರಿನವರೆಗೆ ನಿಂತಿದ್ದವು. ಮೇಲಿನ ಗಾಜಿನಿಂದ ಇಳಿಸಂಜೆಯ ಬೆಳಕು ಜಿನುಗುತ್ತಿತ್ತು. ಅವನು ನೆಲದ ಮೇಲೆ ಕೂತು ಹುಲ್ಲು ಕತ್ತರಿಸುತ್ತಿದ್ದ. ಅವಳನ್ನು ನೋಡಿ ಕೈಯಲ್ಲಿದ್ದ ಚಾಕು ಕೆಳಗಿಟ್ಟ.

"ಅಪ್ಪ ನಿಂತ್ರು," ಎಂದಳು. ಆಮೇಲೆ ಅಳು ಉಕ್ಕಿ ಬಂತು. "ಎಡಗಾಲ ಮೇಲೆ... ನಾನು ನಿಮಗೆ ಏನೆಲ್ಲ ಅಂದುಬಿಟ್ಟೆ. ಹೊಟ್ಟೆಗೆ ಹಾಕ್ಕೊಳ್ಳಿ..."

"ಚೆಂಡು ಕುಳಿಗೆ ಬಿತ್ತಾ?"

"ಬಿತ್ತು."

ಅವನ ಮುಖವೆಲ್ಲ ಅರಳಿತು. ಅವಳಿಗೆ ಇನ್ನಷ್ಟು ಅಳು ಬಂತು.

"ನಿಮಗೆ ಸಿಟ್ಟೇ ಬರಲಿಲ್ವಾ?"

"ಬೇಜಾರಾಯ್ತು. ಹೋಗಿ ಅಂದಿದ್ದಕ್ಕಲ್ಲ. ನಿಮ್ಮನ್ನ ನೋಡೋಕೆ ಇನ್ನು ನೆಪ ಇಲ್ವಲ್ಲ ಅಂತ." ಅವನು ನೆಲ ನೋಡುತ್ತಾ ಹೇಳಿದ. "ನಿಜ ಹೇಳಲಾ? ಅಷ್ಟು ಜಾಗಕ್ಕೆ ಮೂರು ದಿನದ ಕೆಲಸ. ನಾನು ಐದು ದಿನ ಎಳೆದೆ."

"ಯಾಕೆ?"

"ನೀವು ಆರು ಗಂಟೆಗೆ ಮನೆಗೆ ಬರ್ತಿದ್ರಲ್ಲ..."

ಅಳುತ್ತಲೇ ಅವಳಿಗೆ ನಗು ಬಂತು. ಅವನ ಎದುರು ಹುಲ್ಲಿನ ಮೇಲೆ ಕೂತಳು. ಈ ಸಲ ನಡುವೆ ಜಾಗ ಬಿಡಲಿಲ್ಲ.

"ಹಿತ್ತಲಲ್ಲಿ ಇನ್ನೇನಾದ್ರೂ ಕೆಲಸ ಬಾಕಿ ಇದ್ರೆ," ಎಂದಳು ಮೆಲ್ಲಗೆ, "ಎಷ್ಟು ದಿನ ಎಳೀಬಹುದು?"

"ನೀವು ಹೇಳಿದಷ್ಟು ದಿನ."

"ಹಾಗಾದ್ರೆ... ಮುಗಿಸಲೇಬೇಡಿ."