ಗಡಿಯಾರದ ಕೋಣೆಯ ಬಿಸಿ

ಸೋಮವಾರ ಬೆಳಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರು ವಿಚಿತ್ರವಾಗಿತ್ತು. ದೇಶದ ಅಧಿಕೃತ ಸಮಯ ಕಾಯುವ ಕಚೇರಿಯ ನಿರ್ದೇಶಕರೇ ಖುದ್ದಾಗಿ ಬಂದಿದ್ದರು. ತಮ್ಮ ಗಡಿಯಾರದ ಕೋಣೆಗೆ ಯಾರೋ ಕದ್ದುಮುಚ್ಚಿ ನುಗ್ಗುತ್ತಿದ್ದಾರೆ ಎಂದರು.

"ಏನು ಕಳುವಾಗಿದೆ?" ಇನ್ಸ್‌ಪೆಕ್ಟರ್ ಮೇಡಂ ಕೇಳಿದರು.

"ಏನೂ ಇಲ್ಲ. ಕೋಣೆ ಬಿಸಿಯಾಗ್ತಿದೆ."

ದಫೇದಾರ ಕೆಮ್ಮಿ ನಗು ನುಂಗಿಕೊಂಡ. ನಿರ್ದೇಶಕರು ಬಿಡಿಸಿ ಹೇಳಿದರು. ಆ ಕೋಣೆಯಲ್ಲಿ ಐದು ಪರಮಾಣು ಗಡಿಯಾರಗಳಿವೆ. ಐದರ ಸರಾಸರಿಯೇ ದೇಶದ ಸಮಯ. ರೇಡಿಯೋ, ಬ್ಯಾಂಕು, ವಿಮಾನ ಎಲ್ಲಕ್ಕೂ ಅದು ಅಲ್ಲಿಂದಲೇ ಹೋಗಬೇಕು. ಅವಕ್ಕೆ ಮನುಷ್ಯರ ಮೈಬಿಸಿಯೂ ಆಗಿಬರದು. ಯಾರಾದರೂ ಒಳಗೆ ಕೂತರೆ ಸಾಕು, ನಡಿಗೆ ತಪ್ಪುತ್ತದೆ. ಒಂದು ತಿಂಗಳಿಂದ ಪ್ರತಿ ಭಾನುವಾರ ಮಧ್ಯಾಹ್ನ, ಕಚೇರಿಗೆ ರಜೆಯಿರುವಾಗ, ಒಂದು ಗಂಟೆ ಕಾಲ ಕೋಣೆಯ ಉಷ್ಣತೆ ಏರಿದೆ.

"ಸಮಯ ಎಷ್ಟು ತಪ್ಪಿದೆ?"

"ಸೆಕೆಂಡನ್ನ ನೂರು ಕೋಟಿ ಚೂರು ಮಾಡಿದ್ರೆ, ಅದರಲ್ಲಿ ಮೂರ್ನಾಲ್ಕು ಚೂರು."

"ನಮ್ಮ ಠಾಣೆ ಗಡಿಯಾರ ಹತ್ತು ನಿಮಿಷ ಹಿಂದಿದೆ ಸಾರ್," ಎಂದ ದಫೇದಾರ. ಮೇಡಂ ಅವನನ್ನು ದುರುಗುಟ್ಟಿ ನೋಡಿದರು. ಅತಿಕ್ರಮ ಪ್ರವೇಶವೆಂದು ಎಫ್‌ಐಆರ್ ದಾಖಲಾಯಿತು.

ಕಚೇರಿಗೆ ಹೋಗಿ ನೋಡಿದರೆ ಕೋಣೆಯ ಬೀಗ ಮುರಿದಿರಲಿಲ್ಲ. ಕೀಲಿ ಇದ್ದದ್ದು ಇಬ್ಬರ ಬಳಿ: ನಿರ್ದೇಶಕರು, ಮತ್ತು ಅವರ ಕೈಕೆಳಗಿನ ಹಿರಿಯ ವಿಜ್ಞಾನಿ. ಆಕೆ ನಲವತ್ತು ದಾಟಿದ ಹೆಂಗಸು, ಕೇಳಿದ್ದಕ್ಕಷ್ಟೇ ಉತ್ತರ ಕೊಡುವವರು. ಹತ್ತು ನಿಮಿಷಕ್ಕಿಂತ ಹೆಚ್ಚು ಒಳಗಿರಲು ಅವರಿಬ್ಬರಿಗೂ ಅಪ್ಪಣೆಯಿರಲಿಲ್ಲ.

ನಿರ್ದೇಶಕರು ತಲೆ ಚಚ್ಚಿಕೊಂಡರೂ ಕೇಳದೆ ಮೇಡಂ ದಫೇದಾರನನ್ನು ಒಂದು ಗಂಟೆ ಒಳಗೆ ಕೂರಿಸಿದರು.

"ಪಂಚನಾಮೆಯಲ್ಲಿ ನನ್ನ ಮೈಬಿಸಿ ಬರೀಬೇಡಿ ಮೇಡಂ, ಮರ್ಯಾದೆ ಹೋಗುತ್ತೆ," ಎಂದು ಗೊಣಗುತ್ತಾ ಆತ ಹೊರಬಂದ. ಅವನಿಂದ ಏರಿದ ಉಷ್ಣತೆ ಭಾನುವಾರದ್ದರ ಅರ್ಧವಷ್ಟೇ. ಅಂದರೆ ಬರುತ್ತಿದ್ದವರು ಒಬ್ಬರಲ್ಲ, ಇಬ್ಬರು.

ಮೇಡಂ ಮಂಡಿಯೂರಿ ನೆಲ ನೋಡಿದರು. ಬಾಗಿಲಿನಿಂದ ಗಡಿಯಾರಗಳ ಮುಂದಿನವರೆಗೆ ಗಾಲಿಯ ಎರಡು ತೆಳು ಗೆರೆಗಳಿದ್ದವು.

ಮೊಗಸಾಲೆಯಲ್ಲಿ ನಿಂತಿದ್ದ ವಿಜ್ಞಾನಿಯನ್ನು ಕೇಳಿದರು: "ನಿಮ್ಮನೇಲಿ ಗಾಲಿಕುರ್ಚಿ ಯಾರಿಗೆ?"

"ಅಪ್ಪನಿಗೆ." ಆಕೆ ಮುಚ್ಚಿಡಲು ಹೋಗಲಿಲ್ಲ. "ಈ ಕೋಣೆ ಕಟ್ಟಿಸಿದ್ದೇ ಅವರು. ಈಗ ಏನೂ ನೆನಪಿಲ್ಲ. ಮನೇಲಿ ನನ್ನ 'ಯಾರು ನೀವು' ಅಂತಾರೆ. ಇಲ್ಲಿ ಕೂರಿಸಿದ್ರೆ ಸ್ವಲ್ಪ ಹೊತ್ತಿಗೆ 'ಮಗಳೇ, ಇವತ್ತು ಸರಿಯಾಗಿ ನಡೀತಿದೆ' ಅಂತಾರೆ. ಹೊರಗೆ ಬಂದ ಮೇಲೆ ಮತ್ತೆ ಅದೇ."

"ಸಮಯ ಕೆಡುತ್ತೆ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಪ್ರತಿ ಸಲ ಇದೇ ಕೊನೆ ಅಂದ್ಕೊಳ್ತಿದ್ದೆ. ಆದ್ರೆ ಆ ಕೋಣೇಲಿ ಮಾತ್ರ ನನಗೆ ಅಪ್ಪ ಇದ್ರು ಮೇಡಂ."

ಏನೇ ಆದರೂ ಮೇಡಂ ಕೀಲಿ ಜಪ್ತಿ ಮಾಡಲೇಬೇಕಿತ್ತು, ಬಂಧಿಸಲೇಬೇಕಿತ್ತು. ಬಂಧನದ ಸುದ್ದಿಯನ್ನು ಹತ್ತಿರದ ಸಂಬಂಧಿಗೆ ತಿಳಿಸುವುದು ಕಾನೂನು. ಆಕೆಗಿದ್ದದ್ದು ಅಪ್ಪ ಒಬ್ಬರೇ. ಆಕೆಯನ್ನು ಕರೆದುಕೊಂಡೇ ಮನೆಗೆ ಹೋದರು.

ಮುದುಕರು ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಮೇಡಂ ಅವರೆದುರು ಕುಕ್ಕರುಗಾಲಲ್ಲಿ ಕೂತು, "ಯಜಮಾನ್ರೇ, ಇವರು ನಿಮಗೆ ಏನಾಗ್ಬೇಕು?" ಎಂದರು.

ಮುದುಕರು ಮಗಳನ್ನು ಬಹಳ ಹೊತ್ತು ನೋಡಿದರು. "ಏನೂ ಆಗ್ಬೇಕಿಲ್ಲ. ಆದ್ರೆ ತುಂಬಾ ಒಳ್ಳೇವ್ರು ಕಣಮ್ಮ. ಭಾನುವಾರ ಭಾನುವಾರ ನನ್ನ ಮಗಳ ಹತ್ರ ಕರ್ಕೊಂಡು ಹೋಗ್ತಾರೆ."

ದಫೇದಾರ ಮುಖ ತಿರುಗಿಸಿಕೊಂಡ. ಠಾಣೆಯಲ್ಲೇ ಜಾಮೀನು ಸಿಗುವ ಕೇಸು. ಸಂಜೆಯೊಳಗೆ ಮನೆಗೆ ಕಳಿಸುತ್ತೇನೆಂದು ಮೇಡಂ ಮಗಳಿಗೆ ಮೆಲ್ಲಗೆ ಹೇಳಿದರು. ಬಂಧನ ಪತ್ರದಲ್ಲಿ ಸಂಬಂಧದ ಜಾಗದಲ್ಲಿ 'ತಂದೆ' ಎಂದು ತಾವೇ ಬರೆದು, ಮುದುಕರ ಕೈ ಹಿಡಿದು ಸಹಿ ಹಾಕಿಸಿದರು.

"ಬರೋ ಭಾನುವಾರನೂ ಹೋಗ್ತೀವಲ್ಲ? ಅವಳು ಕಾಯ್ತಿರ್ತಾಳೆ," ಎಂದರು ಮುದುಕರು.

ಮಗಳು ಅವರ ಅಂಗಿಯ ಗುಂಡಿ ಸರಿಮಾಡಿದರು. "ಇಲ್ಲ. ಇನ್ಮೇಲೆ ಅವಳೇ ಇಲ್ಲಿಗೆ ಬರ್ತಾಳಂತೆ."